ಪಾಳಿ

ನಾಲ್ಕೂವರೆಗೆ ಅಲಾರಂ. ಅದಕ್ಕೂ ಮೊದಲೇ
ನನ್ನ ಮಂಡಿಯ ಮಡಿಕೆಯಲ್ಲಿ ಬೆಕ್ಕು ಕಣ್ಣು ಬಿಟ್ಟಿರುತ್ತದೆ.
ಕದಲಿದರೆ ಎದ್ದೀತೆಂದು ರಾತ್ರಿಯೆಲ್ಲ
ಒಂದೇ ಮಗ್ಗುಲಲ್ಲಿ ಮಲಗಿ ಸೊಂಟ ಹಿಡಿದಿದೆ.
ಬಸ್ಸಿನಲ್ಲಿ ಹೇಳಿಕೊಂಡರೆ ಚಿಕ್ಕತಾಯಿ ನಗುತ್ತಾಳೆ:
‘ಗಂಡನಿಗೆ ಇಷ್ಟು ಜಾಗ ಬಿಟ್ಟಿದ್ಯೇನೇ ಯಾವತ್ತಾದ್ರೂ?’

ಲೈಟು ಹಾಕದೆ ಜಡೆ ಹೆಣೆದುಕೊಳ್ಳುತ್ತೇನೆ.
ಬೆಕ್ಕು ಮೈಮುರಿದು, ಎರಡು ಸುತ್ತು ಸುತ್ತಿ,
ನಾನೆದ್ದ ಗುಳಿಯಲ್ಲೇ ಮುದುಡಿಕೊಳ್ಳುತ್ತದೆ.
ಆರೂವರೆಗೆ ಅವನು ಬರುವ ತನಕ
ಹಾಸಿಗೆ ಆರದ ಹಾಗೆ ನೋಡಿಕೊಳ್ಳುವುದು ಅದರ ಕೆಲಸ.

ಕಬ್ಬು ಅರೆಯುವ ಕಾಲ. ಸಕ್ಕರೆ ಫ್ಯಾಕ್ಟರಿಯಲ್ಲಿ
ಅವನಿಗೆ ಸಂಜೆ ಆರರಿಂದ ಬೆಳಗಿನ ಆರು, ಬಾಯ್ಲರ್ ಮುಂದೆ.
ನಾನು ಗೆಜ್ಜಲಗೆರೆಯಲ್ಲಿ ಪ್ಯಾಂಟುಗಳಿಗೆ ಜೇಬು ಹೊಲಿಯುತ್ತೇನೆ.
ಗುತ್ತಲಿನ ಈ ಒಂದು ಕೋಣೆಯಲ್ಲಿ
ಮಂಚ ಒಂದೇ, ದಿಂಬು ಒಂದೇ, ಸಾಕು;
ಇಬ್ಬರೂ ಒಟ್ಟಿಗೆ ಮಲಗುವುದೆಲ್ಲಿ ಬಂತು.

ಫೋನಿನಲ್ಲಿ ಗ್ಯಾಸು, ಬಾಡಿಗೆ, ನೀರು ಬಂತಾ.
ಮಿಕ್ಕದ್ದು ಬೆಕ್ಕಿನ ಮೈಮೇಲಿರುತ್ತದೆ.
ಬಿಳಿ ಬೆಕ್ಕು. ಸಂಜೆ ಬಂದು ಬೆನ್ನಿಗೆ ಮೂಗಿಟ್ಟರೆ ಕಾಕಂಬಿ,
ಕಿವಿಯ ಹಿಂದೆ ಅವನ ಹೆಬ್ಬೆಟ್ಟಿನಷ್ಟು ಮಸಿ.
ಹೊಟ್ಟೆಯ ಕಡೆ ನನ್ನ ಜೀನ್ಸಿನ ನೀಲಿ ನೂಲು.
ಅವನೂ ಮೂಸುತ್ತಾನೋ ಏನೋ, ಕೇಳಿಲ್ಲ.

ಮೊನ್ನೆ ಮಿಲ್ಲು ಕೆಟ್ಟು ನಿಂತಿತು.
ರಾತ್ರಿ ಹತ್ತಕ್ಕೆ ಕದ ತಟ್ಟಿದವನನ್ನು
ಯಾರು ಅಂದೆ.

ದಿಂಬು ನನ್ನ ಕಡೆ ತಳ್ಳಿದ. ನಾನು ಅವನ ಕಡೆ ತಳ್ಳಿದೆ.
ಮಲಗಿದೆವು, ಅವನು ಆ ಅಂಚಿಗೆ, ನಾನು ಈ ಅಂಚಿಗೆ,
ನಡುವೆ ಒಂದು ಬೆಕ್ಕಿನಷ್ಟು ಜಾಗ.
ಬೆಕ್ಕು ಬಂತು. ಅವನ ಕಾಲು ಮೂಸಿತು, ನನ್ನ ಕಾಲು ಮೂಸಿತು,
ಲೆಕ್ಕ ತಾಳೆಯಾಗದ ಗುಮಾಸ್ತನ ಹಾಗೆ
ನಿಂತೇ ಇತ್ತು ಸ್ವಲ್ಪ ಹೊತ್ತು. ಆಮೇಲೆ ಹಾರಿ
ರಾಗಿ ಡ್ರಮ್ಮಿನ ಮೇಲೆ ಹೋಗಿ ಕೂತಿತು, ಬೆನ್ನು ತಿರುಗಿಸಿ.

‘ಬಾರೋ ಮೇಸ್ತ್ರಿ’ ಅಂದ ಅವನು.
‘ಬಾರೇ ಸಣ್ಣಿ’ ಅಂದೆ ನಾನು.
ಒಟ್ಟಿಗೇ.

ಕತ್ತಲಲ್ಲಿ ಒಂದು ಗಳಿಗೆ ಇಬ್ಬರೂ ಸುಮ್ಮನೆ.
ದೀಪಾವಳಿಯ ಪಟಾಕಿಗೆ ಹೆದರಿ ಒಳಗೆ ಬಂದದ್ದು,
ಇಷ್ಟು ದಿನ ಎರಡು ಹೆಸರಿಗೂ ಓಗೊಟ್ಟಿದೆ.
ಅವನಿಗೆ ನಗು ತಡೆಯಲಿಲ್ಲ, ಮಂಚ ಅಲುಗಿತು,
ಕಿಟಕಿಯಿಂದ ಬೀದಿದೀಪ ಅವನ ಬಾಯಿಗೆ ಬಿತ್ತು.

‘ಆ ಹಲ್ಲು ಯಾವಾಗ ಮುರೀತು ನಿಂಗೆ?’

‘ಸಂಕ್ರಾಂತಿಗೆ ಮುಂಚೆ’ ಅಂದ.
ಡ್ರಮ್ಮಿನ ಮೇಲಿಂದ ಒಂದು ಕಿವಿ ಮಾತ್ರ
ಈ ಕಡೆ ತಿರುಗಿತು.