ಬೆಸುಗೆ ಹಾಕಿದ ಡಬ್ಬಿ

ಎಪ್ಪತ್ತೊಂದರ ಡಿಸೆಂಬರು. ಸ್ಕೂಲಿನ ಜಗಲಿ ಮೇಲೆ
ಸಾಮಾನು ಬರೆದುಕೊಳ್ಳುವ ಕೆಲಸ ನನ್ನದು,
ಅಕ್ಷರ ದುಂಡಗಿದ್ದವೆಂದು.
ಕಾಲುಚೀಲ ನಲವತ್ತು ಜೊತೆ. ಸೋಪು. ಬೀಡಿ.
ಮಿಲ್ಲಿನವರು ಕಳಿಸಿದ ಒಂದು ಥಾನು ಕೋರಾ ಬಟ್ಟೆ.

ಪ್ಯಾರಿಬಿ ತಂದದ್ದು ಸೀಮೆಎಣ್ಣೆ ಡಬ್ಬಿ.
ತೊಳೆದು, ಒಣಗಿಸಿ, ಮಂಡಕ್ಕಿ ತುಂಬಿ
ಕಲಾಯಿಯವನ ಕೈಲಿ ಬಾಯಿಗೆ ಬೆಸುಗೆ ಹಾಕಿಸಿದ್ದಳು.
ಹುಬ್ಬಿನ ಮೇಲೆ ಇನ್ನೂ ಹೊಟ್ಟಿನ ಮಸಿ.
ತಕ್ಕಡಿ ಹಿಡಿದ ರುದ್ರಮುನಿ ಮೇಷ್ಟ್ರು ನಕ್ಕರು:
"ತೂಕವೆಲ್ಲ ತಗಡಿನದೇ ಕಣಮ್ಮ."

ಚೀಟಿಯಲ್ಲಿ ಏನು ಬರೆಯಲಿ ಅಂದೆ.
ಉಳಿದವುಗಳಲ್ಲೆಲ್ಲ 'ಜಯವಾಗಲಿ' ಎಂದಿತ್ತು.
"ಉಪ್ಪು ಒಂಚೂರು ಮುಂದಾಗೈತೆ,
ನೀರು ಕುಡೀರಿ ಅಂತ ಬರಿ."
ಬರೆದೆ, ಕನ್ನಡದಲ್ಲೇ.
ಕೆಳಗೆ ಭಟ್ಟಿಯ ವಿಳಾಸ, ಇಂಗ್ಲಿಷಿನಲ್ಲಿ, ಎರಡು ತಪ್ಪು.

ಬೇಸಗೆಯಲ್ಲಿ ಕಾರ್ಡು ಬಂತು,
ಅವೇ ಎರಡು ತಪ್ಪು ಹೊತ್ತು.
ಯಾರಿಗೂ ಬಾರದ ಲಿಪಿ. ಭಟ್ಟಿಯಿಂದ ಭಟ್ಟಿಗೆ ಸುತ್ತಿ
ಅಂಚೆಲ್ಲ ಕಪ್ಪಾಯಿತು.
ಕೊನೆಗೆ ಪೂನಾ ರೋಡಲ್ಲಿ ಟೈರು ಬದಲಿಸುತ್ತಿದ್ದ
ಸರ್ದಾರ್ಜಿಯೊಬ್ಬ ಓದಿದ;
ಪ್ಯಾರಿಬಿ ಅರ್ಧ ತಿಳಿದು, ಅರ್ಧ ಊಹಿಸಿ ನಮಗೆ ಹೇಳಿದಳು.

ರಾತ್ರಿ ಕಂದಕದಲ್ಲಿ ಕೂತು ತಿಂದರಂತೆ.
ಕುರುಂ ಕುರುಂ ಸದ್ದಿಗೆ ಸುಬೇದಾರ ಬೈದನಂತೆ,
ಆಚೆಯವರಿಗೆ ಕೇಳುತ್ತದೆಂದು.
ಆಮೇಲೆ ಒಂದೊಂದೇ ಹಿಡಿ ಬಾಯಲ್ಲಿಟ್ಟು
ಕರಗುವ ತನಕ ಸುಮ್ಮನಿದ್ದರಂತೆ, ಆರು ಜನ.
ಉಪ್ಪಿನ ಮಾತೇ ಇರಲಿಲ್ಲ.

ಸಂಜೆ ಭಟ್ಟಿ ಆರಿದ ಮೇಲೆ
ಪ್ಯಾರಿಬಿ ಒಂದು ಹಿಡಿ ಬಾಯಿಗೆ ಹಾಕಿಕೊಂಡಳು.
ಅಗಿಯಲಿಲ್ಲ.
ನಾನು ಏನೋ ಕೇಳಹೋದೆ;
ಕೈಯೆತ್ತಿ ತಡೆದಳು.