ಹದಿನೈದನೆಯ ಹೆಸರು

ದಾಖಲಾತಿ ಕಿಟಕಿಯಲ್ಲಿ ಕೂತು ಲೋಹಿತಾಶ್ವ ಎಣಿಸುತ್ತಾನೆ:
ಬಿಕಾಂ ನೂರಾ ಹನ್ನೆರಡು.
ಬಿಸಿಎ ಅರವತ್ತು, ಹೊರಗೆ ಇನ್ನೂ ಸಾಲಿದೆ.
ಬಿಎ, ಇತಿಹಾಸ –
ಅಲ್ಲಿಗೆ ಬಂದಾಗ ಪೆನ್ನಿಗೆ ಕ್ಯಾಪು ಹಾಕಿ
ನನ್ನ ಕಡೆ ನೋಡುತ್ತಾನೆ,
ಸಾವಿನ ಮನೆಯಲ್ಲಿ ಕಾಫಿ ಬೇಕಾ ಅಂತ ಕೇಳುವವನ ಹಾಗೆ.
ಹತ್ತು.

ಹದಿನೈದಾದರೆ ವಿಭಾಗ ಉಳಿಯುತ್ತದೆ,
ವಿಭಾಗ ಉಳಿದರೆ ಗಂಟೆಗಳು,
ಗಂಟೆಗಳು ಉಳಿದರೆ ನಾನು.
ಅರಕಲಗೂಡಿನ ಈ ಕಾಲೇಜಿಗೆ ಹನ್ನೊಂದು ವರ್ಷದಿಂದ
ನಾನು ಅತಿಥಿ ಉಪನ್ಯಾಸಕ.
ಮಗಳು ಒಮ್ಮೆ ಕೇಳಿದ್ದಳು,
ಅತಿಥಿ ಅಂದ್ರೆ ಊಟ ಮಾಡ್ಕೊಂಡು ಹೋಗೋರಲ್ವಾ ಅಪ್ಪ?

ಕರಪತ್ರ ಹಿಡಿದು ಹೊರಟೆ.
ಅಚ್ಚಿನ ಖರ್ಚು ನನ್ನದು, ಕೆಳಗಿರುವ ಫೋನ್ ನಂಬರೂ ನನ್ನದೇ.
ಕೊಣನೂರು, ಮಲ್ಲಿಪಟ್ಟಣ, ರಾಮನಾಥಪುರದ ಬಸ್‌ಸ್ಟ್ಯಾಂಡು.
ಕರಪತ್ರದ ಮೇಲೆ ಕಡಲೆಕಾಯಿ ಸುರಿದುಕೊಂಡು
ಓದಿದವರೂ ಉಂಟು.

ದೊಡ್ಡಮಗ್ಗೆ ಹತ್ತಿರ ತಂಬಾಕಿನ ಬ್ಯಾರನ್ನಿನ ಮುಂದೆ
ಕಡ್ಡಿಗೆ ಎಲೆ ಕಟ್ಟುತ್ತಿದ್ದಳು ಮುಬೀನಾ,
ಪಿಯುಸಿಯಲ್ಲಿ ಇತಿಹಾಸಕ್ಕೆ ತೊಂಬತ್ತೊಂದು.
ಬೆರಳಿನ ಅಂಟು ಒರೆಸಿಕೊಳ್ಳುತ್ತ ಕೇಳಿದಳು:
ಬಿಎ ಮಾಡಿದ್ರೆ ಏನಾಗ್ತೀನಿ ಸಾರ್?
ಹೊಯ್ಸಳರಿಂದ ಹಿಡಿದು ಹೈದರನವರೆಗೆ
ಯಾರು ಯಾರು ಏನಾದರೆಂದು ನನಗೆ ಗೊತ್ತು, ಇಸವಿ ಸಮೇತ.
ಮುಬೀನಾ ಏನಾಗುತ್ತಾಳೆಂದು ಗೊತ್ತಿಲ್ಲ.
ನೀವೇನಾದ್ರಿ ಅಂತ ಅವಳು ಕೇಳಲಿಲ್ಲ.
ಮರ್ಯಾದಸ್ಥರ ಮಗಳು.

ಬೆಳಗಿನ ಐದೂವರೆಗೆ ಹಾಸನದ ಗಾರ್ಮೆಂಟ್ಸ್ ವ್ಯಾನು ಬರುತ್ತದೆ.
ಕಿಟಕಿಗಳ ತುಂಬ ನನ್ನ ಹಳೆಯ ಹಾಜರಿ ಪುಸ್ತಕ:
ಭಾಗ್ಯವತಿ, ತಾಯವ್ವ, ದ್ರಾಕ್ಷಾಯಿಣಿ ಎನ್‌. ಜಿ.
ಕೈ ಬೀಸುತ್ತಾರೆ. ನನಗೂ ಬಾಯಿಗೆ ಬರುತ್ತದೆ, ಪ್ರೆಸೆಂಟ್.
ಓಡಿಸುವವನು ಕಾಂತರಾಜ, ಎಂಎ ಫಸ್ಟ್ ಕ್ಲಾಸು,
ತಿಂಗಳ ಏಳಕ್ಕೆ ಸಂಬಳ.
ನನ್ನದು ಆಗಸ್ಟಿನದು ಡಿಸೆಂಬರಿಗೆ.
ಟೀ ದುಡ್ಡು ಅವನೇ ಕೊಟ್ಟ, ಬೇಡವೆಂದರೂ ಕೇಳಲಿಲ್ಲ.

ಕೊನೆಯ ದಿನ, ನಾಲ್ಕು ಗಂಟೆ. ಹದಿನಾಲ್ಕು.
ಪ್ರಿನ್ಸಿಪಾಲ್ ಚಂದ್ರಪ್ರಭಾ ಮೇಡಂ ಕನ್ನಡಕ ತೆಗೆದು
ಒರೆಸಿದ್ದನ್ನೇ ಒರೆಸುತ್ತಿದ್ದರು.
ಗಂಟೆ ಹೊಡೆಯುವ ಜವರಮ್ಮ ಪೊರಕೆ ಗೋಡೆಗೆ ಒರಗಿಸಿ
ಸೆರಗಿನಡಿಯಿಂದ ರೇಷನ್ ಅಂಗಡಿಯ ಕವರು ತೆಗೆದಳು.
ಒಳಗೆ ಪಿಯುಸಿ ಅಂಕಪಟ್ಟಿ, ತೊಂಬತ್ತೆಂಟರದು,
ಮಡಿಕೆ ಹರಿದಲ್ಲಿ ಟೇಪು.
ಒಂದು ಕಮ್ಮಿ ಅಂತಲ್ಲ, ಬರ್ಕಳಿ, ಅಂದಳು.

ಲೋಹಿತಾಶ್ವ ನಿಯಮ ಹುಡುಕಿದ.
ಜಾತಿ ಕೇಳಿತು ಕಂಪ್ಯೂಟರು, ಆದಾಯ ಕೇಳಿತು, ಆಧಾರ್ ಕೇಳಿತು,
ಯಾಕೆ ಇಷ್ಟು ತಡ ಅಂತ ಮಾತ್ರ ಕೇಳಲಿಲ್ಲ.
ಫೀಸು ನಾನು ಕಟ್ಟುತ್ತೇನೆಂದೆ.
ನಿಮ್ ಗಂಟೆ ಉಳೀಲಿ ಅಂತ ಸೇರ್ತಿಲ್ಲ ನಾನು, ಅಂದಳು,
ಚೀಟಿ ದುಡ್ಡು ಬಿಚ್ಚುತ್ತ.
ಹನ್ನೊಂದು ವರ್ಷ ಕಾರಿಡಾರಲ್ಲಿ ನಿಂತು ಕೇಳಿದೀನಿ,
ಕೂತ್ಕಂಡು ಕೇಳಾಣ ಅಂತ.

ಹದಿನೈದು.

ಆಮೇಲೆ ಕೌನ್ಸೆಲಿಂಗ್ ಪಟ್ಟಿ ಬಂತು.
ಉಳಿದ ಆ ಗಂಟೆಗಳು ನೆಟ್ ಪಾಸಾದ ಹುಡುಗಿಗೆ;
ನನಗೆ ಆಲೂರು, ವಾರಕ್ಕೆ ಎಂಟು ಗಂಟೆ.
ತಪ್ಪೇನಿಲ್ಲ. ಅವಳಿಗೂ ಮನೆಯಿದೆ, ಅವಳೂ ಅತಿಥಿಯೇ.

ಮೊನ್ನೆ ಜವರಮ್ಮ ಫೋನ್ ಮಾಡಿದ್ದಳು.
ಗಂಟೆ ಹೊಡೆದು ಓಡೋಗಿ ಕೂರ್ತೀನಿ ಸಾ,
ಬಿಡುವಾಗ ಎದ್ದೋಗಿ ಮತ್ತೆ ಹೊಡೀತೀನಿ.
ಹೊಸ ಮೇಡಮ್ಮು ಚೆನ್ನಾಗಿ ಮಾಡ್ತಾರೆ.
ಆದ್ರೆ ಆ ಕೂಲಿಯೋರ ಪಾಠ,
ಪರೀಕ್ಷೆಗೆ ಬರಲ್ಲ ಅಂತ ನೀವು ಬಿಡ್ತಿದ್ರಲ್ಲ,
ಅವರೂ ಬಿಟ್ರು.

ಆಲೂರಿನ ತರಗತಿಯಲ್ಲಿ ಈಗ ಒಂಬತ್ತು ಜನ.
ಪುಟ ತೆಗೆಯಿರಿ ಅಂದೆ.
ಯಾವ ಪುಟ ಸಾರ್?
ಪುಟದ ಸಂಖ್ಯೆ ನೋಡಿರಲೇ ಇಲ್ಲ ನಾನು,
ಹುಡುಕುತ್ತಿದ್ದೆ.