ಒತ್ತಬೇಡ, ಎಳಿ

ಮೆಕ್ಕೆಜೋಳದ ದಂಟು ಬೆಳಿಗ್ಗೆ ಆರಕ್ಕೇ ತಂದೆ,
ಆವರಗೆರೆ ದಾಟಿದ ಮೇಲೆ ಸಿಗುವ ಹೊಲದಿಂದ.
"ಒಂದೇ ದಂಟಾ? ಎಮ್ಮೆಗೆ ಸಾಲ್ತೈತಾ?"
ನಲವತ್ತೆರಡು ಹುಡುಗರಿಗೆ ಸಾಕು, ಅಂದೆ.
ಹೊಲದವ ದುಡ್ಡು ಮುಟ್ಟಲಿಲ್ಲ.

ಕೊಟ್ರಬಸಪ್ಪ, ಅಟೆಂಡರ್, ಸಸ್ಯಶಾಸ್ತ್ರ ವಿಭಾಗ.
ಮೂವತ್ತೊಂದು ವರ್ಷ. ಓದು ಏಳನೇ ಕ್ಲಾಸು,
ಕೈ ಅಪ್ಪನದು.
ಅಪ್ಪ ಮಂಡಿಪೇಟೆಯ ಮೂಲೆಗೆ ಕನ್ನಡಿ ತೂಗುಹಾಕಿ
ಹಮಾಲರ ಗಡ್ಡ ಕೆರೆದವನು.
ಕತ್ತಿ ಕೊಟ್ಟ ದಿನ ಹೇಳಿದ್ದು ಎರಡೇ ಮಾತು:
ಒತ್ತಬೇಡ. ಎಳಿ.

ಅದನ್ನೇ ಹೇಳುತ್ತೇನೆ ವರ್ಷವರ್ಷದ ಹೊಸಬರಿಗೆ.
ಬ್ಲೇಡು ಒದ್ದೆ ಇರಲಿ, ಮೊಣಕೈ ಮೈಗಂಟಿರಲಿ,
ದಂಟಿನ ಚೂರು ಗಜ್ಜರಿಯ ಸೀಳಿನಲ್ಲಿ ಕೂರಲಿ,
ನಿಮ್ಮ ಕಡೆಗೆ ಎಳೀರಿ.
ರೊಟ್ಟಿ ಬೇಡ ನನಗೆ, ಹಾಲಿನ ಕೆನೆ ಬೇಕು.

ಹೆಸರು ಹೇಳುವುದು ವಿಮಲಾಕ್ಷಿ ಮೇಡಂ.
ನೀರಿನ ದಾರಿ ಕ್ಸೈಲಮ್, ಅನ್ನದ ದಾರಿ ಫ್ಲೋಯಮ್.
ಅವರ ಕೈ ಮೂರು ವರ್ಷದಿಂದ ನಡುಗುತ್ತದೆ,
ಗಾಜಿನ ಬಟ್ಟಲಿಗೆ ಕುಂಚ ತಾಗಿ ಟಕಟಕ ಅನ್ನುತ್ತದೆ.
ನಾನು ಕೊಯ್ಯುತ್ತೇನೆ, ಅವರು ಹೆಸರಿಡುತ್ತಾರೆ.
ಫ್ಲೋಯಮಿನೊಳಗೂ ಇಂಥ ಜೋಡಿ ಇದೆಯಂತೆ:
ಜರಡಿ ಕೋಶಕ್ಕೆ ಕೋಶಕೇಂದ್ರವೇ ಇಲ್ಲ, ಬರೀ ಹೊರುವ ಕೆಲಸ;
ಮಗ್ಗುಲಿನ ಸಂಗಾತಿ ಕೋಶ ಅದರ ಪಾಲಿನದೂ ಯೋಚಿಸುತ್ತದೆ.
ನಮ್ಮಲ್ಲಿ ಯಾರು ಯಾವುದು,
ಇಬ್ಬರೂ ಕೇಳಿಕೊಂಡಿಲ್ಲ.

ಸಫ್ರಾನಿನ್ ಎರಡು ಹನಿ. ತೊಳಿ.
ಕಡುಗೆಂಪು ಹಿಡಿದು ನಿಂತದ್ದು ಸತ್ತದ್ದು.
ಗೋಡೆ ಗಟ್ಟಿಯಾಗಿ, ಒಳಗೆಲ್ಲ ಖಾಲಿಯಾಗಿ,
ಸತ್ತ ಮೇಲೆಯೇ ಕೆಲಸಕ್ಕೆ ಹಾಜರಾದದ್ದು.
ಮೋಟರಿಲ್ಲ, ವಾಲ್ವ್ ತಿರುಗಿಸುವವನಿಲ್ಲ,
ಮೇಲೆ ಎಲೆ ಬೆವರಿದರೆ ಕೆಳಗಿನಿಂದ ನೀರು ಏರುತ್ತದೆ.
ನಮ್ಮ ಓಣಿಗೆ ಐದು ದಿನಕ್ಕೊಮ್ಮೆ, ರಾತ್ರಿ ಎರಡಕ್ಕೆ,
ಅದೂ ಮೊದಲು ಗುರ್ ಅಂತ ಗಾಳಿ.

ಮಸುಕಾಗಿ ಉಳಿದದ್ದು ಬದುಕಿದ್ದು.
ಉರುಟು, ಮೆತ್ತಗೆ, ನಡುನಡುವೆ ಸಂದು ಬಿಟ್ಟು ಕೂತದ್ದು,
ತುಂಬಿಟ್ಟುಕೊಳ್ಳುವುದು ಅದರ ಬದುಕು.
ಪೇರಂಕೈಮ. ದಂಟಿನ ಮುಕ್ಕಾಲು ಅದೇ,
ಪರೀಕ್ಷೆಯಲ್ಲಿ ಅದಕ್ಕೆ ಅರ್ಧ ಮಾರ್ಕು.

ಪಕ್ಕದ ಮೇಜಿನ ಸೂರ್ಯಕಾಂತಿಗೆ ಸಿಪ್ಪೆಯ ಕೆಳಗೆ
ಮೂಲೆಗಳಲ್ಲಷ್ಟೇ ದಪ್ಪವಾದ ಕೋಶಗಳು,
ಬಾಗಲು ಬಿಟ್ಟು ಮುರಿಯಲು ಬಿಡದವು.
ಇನ್ನೂ ಒಳಗೆ, ಗೆರೆಯಷ್ಟು, ಕೇಂಬಿಯಮ್:
ಒಳಮಗ್ಗುಲಿಗೆ ನೀರಿನವರು, ಹೊರಮಗ್ಗುಲಿಗೆ ಅನ್ನದವರು,
ಹೆರುತ್ತಲೇ ಇದ್ದು ತಾನು ಮಾತ್ರ ಹರೆಯದ್ದು.
ಜೋಳಕ್ಕೆ ಆ ಗೆರೆ ಇಲ್ಲ.
ಮೂರು ತಿಂಗಳ ಬಾಳಿಗೆ ಅದ್ಯಾಕೆ.

ಕಲ್ಲುಕೋಶ ತೋರಿಸಲು ಇಟ್ಟಿದ್ದ ಪೇರಲ ಹಣ್ಣು
ಹಾಲೇಶ ತಿಂದುಬಿಟ್ಟಿದ್ದ.
ಹಲ್ಲಿಗೆ ಕರಕರ ಸಿಕ್ಕಿತೇನೋ, ಅದೇ ಬರಿ, ಅಂದೆ.

ಇವತ್ತು ಜಗಳೂರು ಕಡೆಯ ಹುಡುಗಿ,
ಹಾಜರಿ ಪುಸ್ತಕದಲ್ಲಿ ಉಚ್ಚಂಗೆಮ್ಮ, ಗೆಳತಿಯರಿಗೆ ಉಷಾ,
ಒತ್ತಿಬಿಟ್ಟಳು.
ಬಣ್ಣ ಹಾಕುವ ಮೊದಲೇ ಬಟ್ಟಲ ನೀರು ಕೆಂಪು.
ಜೇಬಿನಲ್ಲಿ ಅಪ್ಪನ ಪಟಿಕದ ತುಂಡಿತ್ತು,
ಸವೆದು ಸವೆದು ಗೋಲಿಯಾದದ್ದು.
ಒದ್ದೆ ಮಾಡಿ ಬೆರಳಿಗೆ ಹಿಡಿದೆ.
ಇಲ್ಲಿ ಮಾತ್ರ ಒತ್ತಬೇಕು.
"ಉರೀತೈತಿ ಸರ್."
ಮೂವತ್ತೊಂದು ವರ್ಷದಲ್ಲಿ ನನ್ನನ್ನು ಸರ್ ಅಂದವಳು.
ಉರೀಲಿ ಬಿಡವ್ವ, ಕೂಡಿಕೊಳ್ಳುವ ಚರ್ಮ ಅದು.

ಬಟ್ಟಲಲ್ಲಿ ತೇಲುವ ಅವಳ ಚೂರುಗಳ ನಡುವೆ
ಇದೆಯೋ ಇಲ್ಲವೋ ಅನ್ನುವಂಥದೊಂದು,
ಆ ಕೊಯ್ತದ್ದೇ.
ತೊಳೆದು, ಬಣ್ಣ ಕೊಟ್ಟು, ಗ್ಲಿಸರಿನ್ ಹನಿಸಿ,
ಗುಳ್ಳೆ ಸಿಗದ ಹಾಗೆ ಗಾಜು ಮುಚ್ಚಿ
ನೋಡು, ಅಂದೆ.

ಜೋಳದ ತುಂಬ ಮುಖಗಳು,
ಒಂದೊಂದಕ್ಕೂ ಎರಡು ದೊಡ್ಡ ಕಣ್ಣು, ತೆರೆದ ಬಾಯಿ.
"ಅಯ್ಯೋ, ನೋಡ್ತಾವೆ!" ಅಂದವಳು
ಬೆರಳು ಮೇಲೆತ್ತಿ ಹಿಡಿದುಕೊಂಡೇ
ಎಷ್ಟು ಹೊತ್ತಾದರೂ ಏಳಲಿಲ್ಲ.
ಹಿಂದೆ ಸಾಲು ಬೆಳೆದಿತ್ತು.
ನಾನು ದಂಟಿನ ತುದಿ ಒರೆಸಿ
ಇನ್ನೊಂದು ಬ್ಲೇಡಿನ ಕಾಗದ ಬಿಚ್ಚಿದೆ.